ಬಂಡೆಯ ಮೇಲಿನ ಕೈಮಾತು

ನಮ್ಮ ದೊಡ್ಡಪ್ಪನ ಕಿವಿಯನ್ನು ಮಗ್ಗ ತಿಂದಿತ್ತು. ಹಾಗಂತ ಅವನೇ ಹೇಳುತ್ತಿದ್ದ, ಯಾರ ಮೇಲೂ ದೂರಿಲ್ಲದೆ, ಹಲ್ಲು ಬಿದ್ದುಹೋಯಿತು ಅನ್ನುವಷ್ಟು ಸಲೀಸಾಗಿ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ. ಮನೆಯ ಹಿಂದೊಂದು ಶೆಡ್ಡು, ಶೆಡ್ಡಿನಲ್ಲಿ ಆರೋ ಎಂಟೋ ಕರೆಂಟಿನ ಮಗ್ಗ. ಎಲ್ಲವೂ ಒಟ್ಟಿಗೆ ಓಡತೊಡಗಿದರೆ ಪಕ್ಕದಲ್ಲಿ ನಿಂತವರು ಕೂಗಿದರೂ ಬಾಯಿ ಆಡಿದ್ದು ಕಾಣಬೇಕೇ ಹೊರತು ಮಾತು ಕೇಳುವಂತಿಲ್ಲ.

ಅದಕ್ಕೇ ನಮ್ಮವರು ಕೈಯಲ್ಲಿ ಮಾತಾಡುತ್ತಿದ್ದರು. ತೋಳನ್ನು ಮೇಲೆತ್ತಿ ಕತ್ತರಿಸಿದ ಹಾಗೆ ಪಕ್ಕಕ್ಕೆ ಬೀಸಿದರೆ ಆ ಮಗ್ಗುಲಲ್ಲಿ ನೂಲು ಹರಿದಿದೆ ಎಂದು. ಮುಷ್ಟಿಯನ್ನು ಕೆಳಕ್ಕೆ ಒತ್ತಿದರೆ ಮಗ್ಗ ನಿಲ್ಲಿಸು. ಮುಷ್ಟಿಯನ್ನು ತಲೆಯ ಮೇಲಕ್ಕೆತ್ತಿ ಹೂವರಳಿದ ಹಾಗೆ ಬಿಡಿಸಿದರೆ ಕರೆಂಟು ಬಂತು. ಶೆಡ್ಡಿನ ಈ ತುದಿಯವರ ಕೈ ಆ ತುದಿಯವರಿಗೆ ಕಾಣದಿದ್ದರೆ ನಡುವೆ ನಿಂತವರು ಅದನ್ನು ದಾಟಿಸಬೇಕು. ದಾಟಿಸುವಾಗ ಕಂಡ ಹಾಗೆಯೇ ದಾಟಿಸಬೇಕು, ಹೇಳಿದವರು ಯಾರು ಅನ್ನುವುದೂ ತಿಳಿಯಬೇಕಲ್ಲ. ಶೆಡ್ಡಿನ ಯಜಮಾನರು ಹೇಳಿದ್ದಾದರೆ ನಾವು ಹೊಟ್ಟೆಯನ್ನು ಸ್ವಲ್ಪ ಮುಂದಕ್ಕೆ ಚಾಚಿ ದಾಟಿಸುತ್ತಿದ್ದೆವು. ಅಜ್ಜಿ ಹೇಳಿದ್ದಾದರೆ ಬೆನ್ನು ಬಗ್ಗಿಸಿ. ದೊಡ್ಡಪ್ಪನದು ಬೇರೆಯೇ ಒಂದು ವರಸೆ. ಹಿಂದೊಮ್ಮೆ ಮಗ್ಗದ ಬೆಲ್ಟಿಗೆ ಸಿಕ್ಕಿ ಅವನ ಬಲಭುಜ ಜಾರಿತ್ತು. ಆಮೇಲೆ ಆ ಕೈ ನೆಟ್ಟಗೆ ಮೇಲೇಳುತ್ತಿರಲಿಲ್ಲ. ಇಡೀ ಮೈಯನ್ನು ಎಡಕ್ಕೆ ವಾಲಿಸಿ, ಗಾಳಿಗೆ ಬಾಗಿದ ತೆಂಗಿನ ಮರದಂತೆ ನಿಂತು, ಆಗ ಕೈಯೆತ್ತುತ್ತಿದ್ದ. ಅದನ್ನು ದಾಟಿಸುವಾಗ ನಾವೂ ವಾಲುತ್ತಿದ್ದೆವು. ಅಣಕವಲ್ಲ, ಅದೇ ಅವನ ಹೆಸರು.

ಈ ದೊಡ್ಡಪ್ಪನಿಗೆ ಫುಟ್‌ಬಾಲ್ ಹುಚ್ಚು. ಅವನ ಕಿರಿಮಗ, ನನಗೆ ತಮ್ಮನಾಗಬೇಕಾದವನು, ನಮ್ಮೂರ ಕಾಲೇಜು ತಂಡದ ಗೋಲಿ, ಅಂದರೆ ಗೋಲು ಕಾಯುವವನು. ಶೆಡ್ಡಿನಲ್ಲೇ ಅಂಬೆಗಾಲಿಟ್ಟು ಬೆಳೆದವನು. ಬಾಯಿ ಮಾತಿಗಿಂತ ಮೊದಲು ಕೈಮಾತು ಕಲಿತವನು. ಕಾಲೇಜು ಮೈದಾನದ ಪೂರ್ವದ ತುದಿಯಲ್ಲಿ ಆಳೆತ್ತರದ ಒಂದು ಬಂಡೆಯಿತ್ತು. ಮಗ ಪಶ್ಚಿಮದ ಗೋಲಿನಲ್ಲಿ ನಿಂತರೆ ಅಪ್ಪ ಎದುರಿನ ಆ ಬಂಡೆಯ ಮೇಲೆ. ಎದುರಾಳಿಗಳು ಯಾವ ಕಡೆಯಿಂದ ನುಗ್ಗುತ್ತಿದ್ದಾರೆ, ನಮ್ಮವರು ಎಲ್ಲಿ ಜಾಗ ಬಿಟ್ಟಿದ್ದಾರೆ, ಎಲ್ಲವನ್ನೂ ಅಲ್ಲಿಂದ ಮಗ್ಗದ ಭಾಷೆಯಲ್ಲಿ ಹೇಳುತ್ತಿದ್ದ. ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದಾಗ ಉಳಿದವರೆಲ್ಲ ಟೀ ಕುಡಿಯುತ್ತಿದ್ದರೆ ಇವನು ಬಂಡೆಯಿಂದಿಳಿದು, ಮೈದಾನ ಸುತ್ತಿ, ಆ ತುದಿಯ ನೀರಿನ ತೊಟ್ಟಿಯ ಕಟ್ಟೆ ಹತ್ತುತ್ತಿದ್ದ. ಶಿಳ್ಳೆ ಯಾಕೆ ಊದಿದರು, ಜನ ಏನಂದರು ಎಂದು ತಿಳಿಸಲು ಅವನ ಕಿವಿಯಾಗಿ ನಾನೂ ಹಿಂದೆಯೇ ಹೋಗಬೇಕು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹುಡುಗಿಗೆ ಚೆಂಡಾಟದ ಮೈದಾನದಲ್ಲಿ ಏನು ಕೆಲಸ ಎಂದು ಬೀದಿಯ ಹೆಂಗಸರು ಕೇಳದೆ ಬಿಡಲಿಲ್ಲ. ಒಮ್ಮೆ ರೆಫರಿಯೇ ಬಂದು ಇದೇನು ಸನ್ನೆ ಎಂದು ಗದರಿದರು. ದೊಡ್ಡಪ್ಪ ಅವರ ತುಟಿ ನೋಡಿ, "ನೊಣ ಓಡಿಸ್ತಿದ್ದೆ ಸ್ವಾಮಿ," ಎಂದ.

ಅಭಿಮಾನಿಗಳು ಅಂದರೆ ನಾವೇ, ನೇಕಾರ ಬೀದಿಗಳವರು. ಆಗ ಮಧ್ಯಾಹ್ನದ ಹೊತ್ತು ಕರೆಂಟು ತೆಗೆಯುತ್ತಿದ್ದರು. ಮಗ್ಗ ನಿಂತಿತೋ, ಜನ ಮೈದಾನಕ್ಕೆ. ಆಟದ ನಡುವೆ ಊರ ಕಡೆಯಿಂದ ಮಗ್ಗಗಳ ಸದ್ದು ಏಳುತ್ತಿದ್ದಂತೆ ಅರ್ಧಕ್ಕರ್ಧ ಮಂದಿ ಪಂಚೆ ಎತ್ತಿಕಟ್ಟಿ ಓಡುವರು. ಗೆಲ್ಲುತ್ತಿದ್ದರೂ ಅಷ್ಟೇ, ಸೋಲುತ್ತಿದ್ದರೂ ಅಷ್ಟೇ. ಕೊನೆಯವರೆಗೂ ತಪ್ಪದೆ ಉಳಿಯುತ್ತಿದ್ದವರು ನಾನು, ದೊಡ್ಡಪ್ಪ ಮತ್ತು ಸಾಸಲು ಹಳ್ಳಿಯ ಒಬ್ಬ ರಾಗಿ ಬೆಳೆಯುವ ಗೌಡರು. ಗೌಡರು ದೊಡ್ಡಪ್ಪನ ಹಳೆಯ ಗೆಳೆಯರು. ಸಂತೆಗೆ ಬಂದವರು ಆಟ ನೋಡದೆ ಊರಿಗೆ ಹೋಗುತ್ತಿರಲಿಲ್ಲ. ಕೈಮಾತು ಅವರಿಗೆ ಬಾರದು, ಬಾಯಿಮಾತು ಮಾತ್ರ ಇಬ್ಬರಿಗಾಗುವಷ್ಟು.

ಆ ವರ್ಷಗಳಲ್ಲೇ ದೇವನಹಳ್ಳಿಯಲ್ಲಿ ಏರ್‌ಪೋರ್ಟು ಎದ್ದದ್ದು. ಜಲ್ಲಿ, ಮರಳು, ಸಿಮೆಂಟಿನ ಲಾರಿಗಳು ಸಾಲುಗಟ್ಟಿ ಆ ದಿಕ್ಕಿಗೇ ಹೋಗುತ್ತಿದ್ದವು. ಊರಿನಲ್ಲಿ ಒಂದು ಬಚ್ಚಲು ಕಟ್ಟಿಸುತ್ತೇನೆಂದರೂ ಗಾರೆಯವರು ಸಿಗದ ಕಾಲ. ವಿಮಾನ ಹಾರಲು ಶುರುವಾದ ಹೊಸತರಲ್ಲಿ ಮೈದಾನದ ಮೇಲೊಂದು ಹಾದರೆ ಸಾಕು, ಎರಡೂ ತಂಡದವರು ಚೆಂಡು ಬಿಟ್ಟು ಆಕಾಶ ನೋಡುತ್ತಿದ್ದರು, ರೆಫರಿಯೂ ಸೇರಿ. ಅಂಥದ್ದರಲ್ಲಿ ಒಂದು ದಿನ ಸುದ್ದಿ ಬಂತು. ನಮ್ಮ ಕಾಲೇಜು ಮೈದಾನವೂ ದೊಡ್ಡದಾಗುತ್ತದಂತೆ, ಸುತ್ತ ಕಾಂಕ್ರೀಟಿನ ಮೆಟ್ಟಿಲು ಗ್ಯಾಲರಿ ಬರುತ್ತದಂತೆ, ಕಟ್ಟುವ ಮೇಸ್ತ್ರಿ ಏರ್‌ಪೋರ್ಟಿನ ಕೆಲಸ ಮುಗಿಸಿ ಬಂದವನಂತೆ.

ಅಂದಿನಿಂದ ಆಟವಿಲ್ಲದ ದಿನವೂ ನಾವು ಮೈದಾನಕ್ಕೆ ಹೋಗತೊಡಗಿದೆವು. ಕಟ್ಟಡ ಏಳುವುದನ್ನು ನೋಡುವುದೇ ಒಂದು ಆಟವಾಯಿತು. ಕಬ್ಬಿಣದ ಕಂಬಿಗಳನ್ನು ಹಾಸಿನ ಎಳೆಗಳಂತೆ ಉದ್ದಕ್ಕೆ ಹಾಕಿ, ಅಡ್ಡಕ್ಕೆ ಹೊಕ್ಕು ಕೊಟ್ಟು, ಗಂಟು ಗಂಟಿಗೂ ತಂತಿ ಬಿಗಿಯುತ್ತಿದ್ದರು. ಇಷ್ಟು ಅಗಲದ ಮಗ್ಗ ಯಾವನಾದರೂ ನೋಡಿದ್ದಾನೆಯೇ ಎಂದು ಬೀದಿಯ ಹಿರಿಯರು ಬಾಯ ಮೇಲೆ ಬೆರಳಿಟ್ಟು ನಿಂತರು. ಕ್ರೇನು ಒಂದು ಇಡೀ ತೊಲೆಯನ್ನು ತೊಟ್ಟಿಲ ಕೂಸಿನಂತೆ ಎತ್ತಿ ಇಳಿಸುವಾಗ ನೂರಾರು ಮಂದಿ ಉಸಿರು ಹಿಡಿದಿದ್ದು ನನಗೀಗಲೂ ನೆನಪಿದೆ. ಇಳಿದು ಕೂತ ಮೇಲೆ ಯಾರೋ ಒಬ್ಬರು ಕೈಮುಗಿದರು. ಯಾರಿಗೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ.

ನನ್ನನ್ನು ನೋಡಲು ಹಿಂದೂಪುರದಿಂದ ಗಂಡಿನ ಕಡೆಯವರು ಬಂದದ್ದೂ ಆಗಲೇ. ಕೇಸರಿಬಾತು ಉಪ್ಪಿಟ್ಟು ಮುಗಿಯುತ್ತಿದ್ದಂತೆ ದೊಡ್ಡಪ್ಪ ಅವರನ್ನು ಎಬ್ಬಿಸಿ ಗ್ಯಾಲರಿ ತೋರಿಸಲು ಕರೆದುಕೊಂಡು ಹೋಗಿಬಿಟ್ಟ. ಅವರು ಕತ್ತೆತ್ತಿ ನೋಡಿದರು, ಮೆಟ್ಟಿಲು ಹತ್ತಿ ಇಳಿದರು, ಬಸ್ಸಿನ ಹೊತ್ತಾಯಿತೆಂದು ಹೊರಟರು. ಹುಡುಗಿಯ ವಿಚಾರ ಆಮೇಲೆ ತಿಳಿಸುತ್ತೇವೆ, ಗ್ಯಾಲರಿ ಮಾತ್ರ ಬಹಳ ಚೆನ್ನಾಗಿದೆ ಎಂದು ಹುಡುಗನ ತಾಯಿ ತೆಲುಗಿನಲ್ಲಿ ಹೇಳಿ ಹೋದರು. ಆಮೇಲೆ ಏನೂ ತಿಳಿಸಲಿಲ್ಲ. ಮನೆಯಲ್ಲಿ ದೊಡ್ಡಮ್ಮ ಎರಡು ದಿನ ದೊಡ್ಡಪ್ಪನ ಮುಖಕ್ಕೆ ಬೆನ್ನು ಹಾಕಿಯೇ ಮಾತಾಡಿದರು, ತುಟಿ ಕಾಣದಿರಲಿ ಎಂದು.

ಗ್ಯಾಲರಿ ಪಶ್ಚಿಮದಿಂದ ಶುರುವಾಗಿ, ಒಂದು ಮಗ್ಗುಲು ತುಂಬಿ, ಪೂರ್ವದ ಕಡೆಗೆ ತಿರುಗಿದಾಗ ದೊಡ್ಡಪ್ಪನ ನಗು ಕಡಿಮೆಯಾಯಿತು. ಬಂಡೆ ಅಡ್ಡವಿತ್ತು. ನಮಗೆ ಗ್ಯಾಲರಿ ಬೇಕು, ಬಂಡೆಯೂ ಬೇಕು. ಒಂದು ಸಂಜೆ ಅವನು ನನ್ನನ್ನು ಕರೆದುಕೊಂಡು ಹೋಗಿ ಮೇಸ್ತ್ರಿಯ ಮುಂದೆ ನಿಂತ. ಮೇಸ್ತ್ರಿ ಒಳ್ಳೆಯ ಮನುಷ್ಯ. ಕಿವುಡನೆಂದು ತಿಳಿದ ಮೇಲೆ ಮುಖ ಎದುರಿಗೆ ತಂದು ನಿಧಾನ ಮಾತಾಡಿದ.

"ಬಂಡೆ ಎಲ್ಲೂ ಹೋಗಲ್ಲ ಯಜಮಾನ್ರೇ. ಅದನ್ನ ಒಡೆಯಲ್ಲ, ಅದರ ಮೇಲೇನೇ ಕಟ್ತೀವಿ. ಒಳಗಿರ್ತದೆ."

"ಒಳಗಿದ್ರೆ ನಾನೆಲ್ಲಿ ನಿಲ್ಲಲಿ?"

"ಅದರ ಮೇಲಿನ ಮೆಟ್ಲಲ್ಲೇ ಕೂತ್ಕೊಳ್ಳಿ. ಯಾರು ಬೇಡ ಅಂತಾರೆ?"

ದೊಡ್ಡಪ್ಪ ತಲೆಯಾಡಿಸಿ ಹೊರಟ. ಟೀ ಅಂಗಡಿಯ ಹತ್ತಿರ ನಿಂತು ಹೇಳಿದ, "ಬಂಡೆ ಮೇಲೆ ನಾನೊಬ್ನೇ ಇದ್ದೆ ಮಗಳೇ. ಒಬ್ನೇ ಇದ್ದಿದ್ದಕ್ಕೆ ಅವ್ನಿಗೆ ಕಾಣ್ತಿದ್ದೆ. ಇನ್ಮೇಲೆ ಸಾವಿರ ಕೈಯಲ್ಲಿ ನಂದೂ ಒಂದು."

ಅಪ್ಪ ಮಗ ಮನೆಯಲ್ಲಿ ಹೆಚ್ಚು ಮಾತಾಡಿದವರಲ್ಲ. ಇವನಿಗೆ ಕೇಳುವುದಿಲ್ಲ, ಅವನಿಗೆ ಹೇಳುವ ಪುರುಸೊತ್ತಿಲ್ಲ. ಅವರ ಮಾತುಕತೆಯೆಲ್ಲ ಆ ಮೈದಾನದ ಉದ್ದಕ್ಕೂ ನಡೆಯುತ್ತಿದ್ದದ್ದು. ಆ ದಾರಿ ಮುಚ್ಚಿಹೋಗುತ್ತದೆ ಎಂಬುದು ದೊಡ್ಡಪ್ಪನ ಹೆದರಿಕೆ. ಸಾಸಲಿನ ಗೌಡರು ಸಮಾಧಾನ ಹೇಳುವ ರೀತಿಯೇ ಬೇರೆ. "ಲೇ ಕಿವುಡ, ಮಗನ್ಗೊಂದು ದುರ್ಬೀನು ಕೊಡ್ಸಲಾ," ಎಂದು ನಕ್ಕರು. ಆದರೆ ಮರುವಾರ ಬರುವಾಗ ಮಂಚದ ಮೇಲೆ ಹಾಸುವಷ್ಟು ದೊಡ್ಡ ಕೆಂಪು ಬಟ್ಟೆ ತಂದು, ಇದನ್ನಾದರೂ ಬೀಸು ಎಂದು ಕೊಟ್ಟವರೂ ಅವರೇ. ದೊಡ್ಡಪ್ಪ ಅದನ್ನು ಮಡಿಸಿ ಒಳಗಿಟ್ಟ. ಬಟ್ಟೆ ಬೀಸಬಹುದು, ಬಟ್ಟೆ ಮಾತಾಡುವುದಿಲ್ಲ.

ಹೊಸ ಗ್ಯಾಲರಿಯ ಮೊದಲ ಪಂದ್ಯಕ್ಕೆ ಬೆಂಗಳೂರಿನ ಕಾಲೇಜೊಂದರ ತಂಡ ಬಂತು. ಒಳಗೆ ಕಾಲಿಟ್ಟವಳು ಕತ್ತೆತ್ತಿ ಅಲ್ಲೇ ನಿಂತೆ. ದಿನಾ ನೋಡಿದ್ದೆವು ನಿಜ, ಜನ ತುಂಬಿದ್ದನ್ನು ನೋಡಿರಲಿಲ್ಲವಲ್ಲ. ಮೂರು ದಿಕ್ಕಿನಲ್ಲೂ ಮುಖ, ಮುಖದ ಮೇಲೆ ಮುಖ, ಮೇಲಿನ ಮೆಟ್ಟಿಲಿನವರು ಆಕಾಶಕ್ಕೆ ಒರಗಿದ ಹಾಗೆ. ಇಷ್ಟು ಜನ ನಮ್ಮೂರಲ್ಲೇ ಇದ್ದರೇ ಅನ್ನಿಸಿತು. ನೇಕಾರ ಬೀದಿಗಳವರು ಯಾರೂ ಹೇಳದೆಯೇ ಪೂರ್ವದ ತುದಿಯಲ್ಲಿ, ಬಂಡೆಯ ಮೇಲೆದ್ದ ಮೆಟ್ಟಿಲುಗಳಲ್ಲಿ ತುಂಬಿಕೊಂಡಿದ್ದರು. ಪಶ್ಚಿಮದಲ್ಲಿ ಕಾಲೇಜು ಹುಡುಗರು ಮತ್ತು ಬೆಂಗಳೂರಿನವರು.

ಮೊದಲರ್ಧದಲ್ಲಿ ತಮ್ಮ ಪೂರ್ವದ ಗೋಲಿನಲ್ಲಿದ್ದ. ಹಾಗಾಗಿ ನಾನೂ ದೊಡ್ಡಪ್ಪನೂ ಗೌಡರೂ ಪಶ್ಚಿಮದಲ್ಲಿ, ಕಾಲೇಜು ಹುಡುಗರ ನಡುವೆ. ದೊಡ್ಡಪ್ಪ ವಾಲಿ ವಾಲಿ ಕೈಬೀಸಿದ. ಸುತ್ತ ಎಲ್ಲರೂ ಕುಣಿಯುತ್ತಿದ್ದರು, ಟವೆಲು ಬೀಸುತ್ತಿದ್ದರು. ದೂರದಲ್ಲಿ ತಮ್ಮ ಹಣೆಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ಹುಡುಕುವುದು ಕಂಡಿತು. ಎರಡು ಸಲ ಹುಡುಕಿದ. ಮೂರನೆಯ ಸಲ ಹುಡುಕುತ್ತಿರುವಾಗಲೇ ಅವನ ಎಡಗಡೆಯಿಂದ ಚೆಂಡು ಒಳಗೆ ಹೋಯಿತು. ಆ ಕಡೆಯೇ ಜಾಗವಿದೆ ಎಂದು ದೊಡ್ಡಪ್ಪ ಆಗಿನಿಂದ ಬಡಿದುಕೊಳ್ಳುತ್ತಿದ್ದದ್ದು. ಅವನು ಕೂತ. ಕೈಗಳನ್ನು ಮಡಿಲಲ್ಲಿಟ್ಟುಕೊಂಡ.

ವಿರಾಮದಲ್ಲಿ ಗೌಡರು, ಇನ್ನು ಸುತ್ತುವುದು ಯಾಕೆ, ಇಲ್ಲೇ ಕೂತು ನೋಡೋಣ ಎಂದರು. ಅವರ ಮಾತಿನಲ್ಲಿ ತಮಾಷೆಯಿರಲಿಲ್ಲ. ದೊಡ್ಡಪ್ಪ ಕೇಳಿಸದವನಂತೆ ಎದ್ದ. ಆ ಅನುಕೂಲ ಅವನಿಗೆ ಯಾವಾಗಲೂ ಇತ್ತು. ಮೈದಾನದ ಅಂಚಿನಲ್ಲಿ ನಡೆದು ಪೂರ್ವಕ್ಕೆ ಬಂದೆವು. ಬಂಡೆಯ ನೆತ್ತಿಗೆ ಸರಿಯಾದ ಮೆಟ್ಟಿಲು ಅವನಿಗೆ ಗೊತ್ತಿತ್ತು. ಕೆಳಗಿನಿಂದ ಕೆಲವೇ ಸಾಲು ಮೇಲೆ. ಬೀದಿಯವರು ಸರಿದು ಜಾಗ ಬಿಟ್ಟರು. ಅವನು ಕೂತನೇ ಹೊರತು ಕೈಯೆತ್ತಲಿಲ್ಲ.

ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಊರ ಕಡೆಯಿಂದ ಮಗ್ಗಗಳ ಸದ್ದು ಎದ್ದಿತು. ಕೆಳಗೆ ಗೇಟಿನ ಹತ್ತಿರ ನಿಂತಿದ್ದ ನಮ್ಮ ಬೀದಿಯ ಒಬ್ಬ ಗ್ಯಾಲರಿಗೆ ಮುಖ ತಿರುಗಿಸಿ, ಮುಷ್ಟಿ ಮೇಲೆತ್ತಿ ಬಿಡಿಸಿದ. ಕರೆಂಟು ಬಂತು.

ಕೈಗೆ ಅಭ್ಯಾಸವಿತ್ತು, ಅಷ್ಟೇ. ಯಾರೂ ಯೋಚಿಸಲಿಲ್ಲ. ಮುಂದಿನ ಸಾಲಿನವರು ದಾಟಿಸಿದರು, ಅವರ ಹಿಂದಿನವರು ದಾಟಿಸಿದರು, ಮೇಲೆ, ಇನ್ನೂ ಮೇಲೆ, ನೋಡನೋಡುತ್ತ ಇಡೀ ಪೂರ್ವದ ಗ್ಯಾಲರಿ ಮುಷ್ಟಿಯೆತ್ತಿ ಒಮ್ಮೆಗೇ ಅರಳಿತು. ಒಂದು ಸದ್ದಿಲ್ಲ. ಕೆಲವರು ಓಡಲು ಅರ್ಧ ಎದ್ದರು, ಅಕ್ಕಪಕ್ಕ ನೋಡಿದರು, ಮತ್ತೆ ಕೂತರು. ಅದೇ ಹೊತ್ತಿಗೆ ಅಷ್ಟು ದೂರದ ಗೋಲಿನಲ್ಲಿ ನಮ್ಮ ತಮ್ಮ, ಅವನೂ ಶೆಡ್ಡಿನಲ್ಲಿ ಬೆಳೆದವನಲ್ಲವೇ, ಗವುಸು ತೊಟ್ಟ ಎರಡೂ ಕೈ ಮೇಲೆತ್ತಿ ಬಿಡಿಸಿದ. ಕಂಡಿತು, ತಿಳಿಯಿತು ಎಂದು.

"ಇದೇನವ್ವ ಇದು?" ಗೌಡರು ನನ್ನ ತೋಳು ಹಿಡಿದು ಕೇಳಿದರು.

ನಾನು ಉತ್ತರಿಸುವುದರೊಳಗೆ ದೊಡ್ಡಪ್ಪ ಎದ್ದು ನಿಂತಿದ್ದ. ಎದುರಾಳಿಗಳು ನಮಗೆ ಬಲಕ್ಕೆ, ತಮ್ಮನಿಗೆ ಎಡಕ್ಕೆ ಬೀಳುವ ಅಂಚು ಹಿಡಿದು ಬರುತ್ತಿದ್ದರು, ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಅವನು ಮೈಯನ್ನು ಎಡಕ್ಕೆ ವಾಲಿಸಿದ. ಬಲಗೈ ಎತ್ತಿ ಬೀಸಿದ. ಆ ಮಗ್ಗುಲಲ್ಲಿ ನೂಲು ಹರಿದಿದೆ.

ಹಿಂದಿನ ಸಾಲು ವಾಲಿತು. ಅದರ ಹಿಂದಿನದು ವಾಲಿತು. ಮುಂದಿನವರು ತಿರುಗಿ ನೋಡಿ ಅವರೂ ವಾಲಿದರು. ಮುದುಕರು, ಹುಡುಗರು, ಕಂಕುಳಲ್ಲಿ ಕೂಸಿದ್ದ ಒಬ್ಬಳು ತಾಯಿ, ಎಲ್ಲರೂ ಎಡಕ್ಕೆ ಬಾಗಿ, ಎಲ್ಲರೂ ಆ ಜಾರಿದ ಭುಜದಿಂದಲೇ ಎಂಬಂತೆ ಬಲಗೈ ಎತ್ತಿ ಬೀಸಿದರು. ನನ್ನ ಕೈಯೂ ಎದ್ದಿತ್ತು. ನಮ್ಮ ಕೆಳಗಿನ ಬಂಡೆಯೇ ಎದ್ದು ಕೈಬೀಸಿದ ಹಾಗಿತ್ತು. ನಾನು ಅಷ್ಟು ದೊಡ್ಡದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ, ವಿಮಾನವೂ ಸೇರಿದಂತೆ.

ತಮ್ಮ ಎಡಕ್ಕೆ ಹಾರಿದ. ಚೆಂಡು ಅವನ ಎರಡು ಕೈಗಳ ನಡುವೆ ಬಂದು ಕೂತಿತು.

ಆಮೇಲೆ ನಮ್ಮವರು ಒಂದು ಗೋಲು ಹೊಡೆದು ಪಂದ್ಯ ಸಮವಾಯಿತು. ಬೆಂಗಳೂರಿನ ಹುಡುಗರು ನಮ್ಮ ವಾಲುವಿಕೆಯನ್ನು ಯಾವುದೋ ಕುಣಿತ ಎಂದುಕೊಂಡು ಪಶ್ಚಿಮದಲ್ಲಿ ತಾವೂ ವಾಲಿದರು, ಅವರ ಗೋಲಿಗೆ ಪಾಪ ಏನೂ ಅರ್ಥವಾಗಿರಲಾರದು. ಮುಂದಿನ ಪಂದ್ಯದಿಂದ ನೇಕಾರ ಬೀದಿಗಳು ತಾವೇ ಮಾತಾಡಿಕೊಂಡು ಎರಡು ಪಾಲಾದವು, ಅರ್ಧ ಈ ತುದಿಗೆ, ಅರ್ಧ ಆ ತುದಿಗೆ. ಗೌಡರು ಮಾತ್ರ ಕೊನೆಯವರೆಗೂ ತಪ್ಪು ಕಡೆಗೇ ವಾಲಿದರು.

ಅಂದು ಸಂಜೆ ಜನ ಕರಗಿದ ಮೇಲೂ ದೊಡ್ಡಪ್ಪ ಆ ಮೆಟ್ಟಿಲ ಮೇಲೆ ಕೂತೇ ಇದ್ದ. ತಮ್ಮ ಗವುಸು ಕಳಚುತ್ತ ಮೇಲೆ ಹತ್ತಿ ಬಂದು, ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತು, ತುಟಿ ಕಾಣುವಂತೆ ಹೇಳಿದ.

"ನೀನೆಲ್ಲಿದ್ದೆ ಅಂತ ಕಾಣ್ಲೇ ಇಲ್ಲ ಕಣಪ್ಪ."

"ಮತ್ತೆ ಹೆಂಗೆ ಹಾರ್ದೆ?"

ತಮ್ಮ ಕೂತಲ್ಲೇ ಮೈಯನ್ನು ಎಡಕ್ಕೆ ವಾಲಿಸಿ ಬಲಗೈ ಎತ್ತಿದ.