ಗೀಜಗನ ಗೂಡಿನ ಮೇಷ್ಟ್ರು

ಮರ ನೋಡಿ ನೋಡಿ ಮೇಷ್ಟ್ರ ಕತ್ತು ಹಿಂದಕ್ಕೇ ವಾಲಿಕೊಂಡಿತ್ತು. ಕರಿಕೋಟಿನ ಕಾಲರು ಅಲ್ಲಿ ಸವೆದು ಬೆಳ್ಳಗಾಗಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಯಾದವಗಿರಿಯಲ್ಲಿ ನಮ್ಮ ಪಕ್ಕದ ಮನೆ. ಹೆಂಡತಿ ಇರಲಿಲ್ಲ, ಇದ್ದೊಬ್ಬಳು ಮಗಳು ನನ್ನ ಗೆಳತಿ. ಎದುರು ಬಂದವರಿಗೆ ನಮಸ್ಕಾರ ಮರೆತರೂ, ಕೊಂಬೆಯ ಮೇಲಿನ ಹಕ್ಕಿಯನ್ನು ವಿಚಾರಿಸದೆ ಮುಂದೆ ಹೋದವರಲ್ಲ.

ಮಳೆಗಾಲ ಶುರುವಾದರೆ ನಮ್ಮಿಬ್ಬರನ್ನೂ ಶ್ರೀರಾಂಪುರದಾಚೆಯ ಹಾಳುಬಾವಿಗೆ ಕರೆದೊಯ್ಯುತ್ತಿದ್ದರು. ಬಾವಿಯ ಮೇಲೆ ಬಾಗಿದ ಈಚಲುಮರದ ತುಂಬ ಗೀಜಗನ ಗೂಡುಗಳು. ಗಂಡು ಅರ್ಧ ಗೂಡು ನೇಯ್ದು, ರೆಕ್ಕೆ ಬಡಿದು ಕರೆಯುತ್ತಿತ್ತು. ಹೆಣ್ಣು ಬಂದು ಕೂತು, ಹುಲ್ಲು ಜಗ್ಗಿ ನೋಡಿ, ಸರಿಬರದಿದ್ದರೆ ಹಾರಿಹೋಗುತ್ತಿತ್ತು. ಗಂಡು ಇನ್ನೊಂದನ್ನು ಶುರುಮಾಡಬೇಕು.

"ಪಾಪ" ಎಂದೆ ನಾನು.

"ಪಾಪ ಏನ್ ಬಂತಮ್ಮ? ಗೂಡು ಬಿದ್ರೆ ಮರಿ ಬಾವಿ ಪಾಲು. ನೋಡಿ ಆರಿಸ್ಕೊಂಡವುಗಳ ಮರಿ ಉಳೀತು, ಕಣ್ಮುಚ್ಚಿ ಒಪ್ಕೊಂಡವುಗಳದ್ದು ಉಳೀಲಿಲ್ಲ. ಲಕ್ಷಾಂತರ ವರ್ಷ ಹಿಂಗೇ ನಡೆದು ಈ ಬುದ್ಧಿ ಬಂದಿದೆ ಕಣಮ್ಮ."

ಆ ವರ್ಷವೇ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗನ ಸೋದರತ್ತೆ ಅವಳ ಜಡೆ ಬಿಚ್ಚಿಸಿ ನೋಡಿದಳು, ನಡೆಸಿ ನೋಡಿದಳು. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರು ತುಟಿ ಬಿಚ್ಚಲಿಲ್ಲ. ಒಳ್ಳೆಯ ಮನೆತನ, ಸರ್ಕಾರಿ ಕೆಲಸ. ಅವಳ ಒಪ್ಪಿಗೆಯನ್ನು ಅವರೂ ಕೇಳಲಿಲ್ಲ. ಅತ್ತುಕೊಂಡೇ ಗಂಡನ ಮನೆಗೆ ಹೊರಟಳು. ಹೆಣ್ಣುಮಕ್ಕಳು ಅಳುವುದು ಇದ್ದದ್ದೇ ಎಂದು ಎಲ್ಲರೂ ಸುಮ್ಮನಾದರು. ಗಂಡ ಹೊಡೆಯುತ್ತಾನೆಂದು ತಿಳಿಯುವ ಹೊತ್ತಿಗೆ ಅವಳು ತವರಿಗೆ ಬರುವುದನ್ನೇ ಬಿಟ್ಟಿದ್ದಳು. ಮೇಷ್ಟ್ರು ಬಾವಿಯ ಕಡೆ ಹೋಗುವುದನ್ನು ಬಿಟ್ಟರು.

ನನಗೊಂದು ಸಂಬಂಧ ಕೂಡಿಬಂದಾಗ ಮೇಷ್ಟ್ರು ಯಾರೂ ಕರೆಯದೆಯೇ ನಮ್ಮ ಮನೆಗೆ ಬಂದರು. "ಹುಡುಗೀನ ಒಂದ್ ಮಾತು ಕೇಳಿ ರಾಯರೇ" ಎಂದರು ಅಪ್ಪನಿಗೆ.

"ಇದು ಹಕ್ಕಿ ಪಾಠ ಅಲ್ಲ ಮೇಷ್ಟ್ರೇ" ಎಂದರು ಅಪ್ಪ.

"ಬರೀ ಪಾಠ ಅಂತಾನೇ ಅಂದ್ಕೊಂಡಿದ್ದೆ ನಾನೂ. ನನ್ನ ಮಗಳನ್ನ ಕೇಳಲಿಲ್ಲ."

ಅಪ್ಪ ನನ್ನ ಕಡೆ ತಿರುಗಿ, ಒಪ್ಪಿಗೆಯೇ ಎಂದು ಕೇಳಿದರು. ಬೇಡವೆಂದೆ. ಓದು ಮುಂದುವರಿಯಿತು.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ತೀರಿಕೊಂಡರು. ತಂತಿ ಕೊಟ್ಟರೂ ಗಂಡನ ಮನೆಯವರು ಮಗಳನ್ನು ಕಳಿಸಿದ್ದು ವೈಕುಂಠಸಮಾರಾಧನೆಗೆ ಮಾತ್ರ. ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು: "ಅಪ್ಪ ನಿಮ್ಮನೇಗೆ ಬಂದು ನಿನ್ನ ಕೇಳ್ಸಿದ್ರಂತೆ, ನಿಜಾನೇನೇ?"

ಹೌದೆಂದೆ.

"ಒಳ್ಳೇದಾಯ್ತು ಬಿಡೇ" ಎಂದು ಎಲೆ ಎತ್ತಲು ಒಳಗೆ ಹೋದಳು. ಅವಳಿಗೆ ಸಲ್ಲಬೇಕಾದ ಮಾತು ನನಗೆ ಸಂದಿತ್ತು. ಮೇಷ್ಟ್ರ ಋಣಕ್ಕಿಂತ ಅವಳ ಋಣವೇ ನನ್ನ ಮೇಲೆ ದೊಡ್ಡದು.