ನಾಲ್ಕು ಲವಂಗ

ಪುಣೆಯ ನಮ್ಮ ಲ್ಯಾಬಿನಲ್ಲಿ ರೋಗಿಗಳ ಉಸಿರನ್ನು ಚೀಲದಲ್ಲಿ ಹಿಡಿದು, ಯಂತ್ರಕ್ಕೆ ಕೊಟ್ಟು, ರೋಗದ ಸುಳಿವು ಹುಡುಕುತ್ತೇವೆ. ಶ್ವಾಸಕೋಶದ ಕಾಯಿಲೆಯ ಅನುಮಾನವಿದ್ದ ಖಡಕಿಯ ಪಾಟೀಲರ ಉಸಿರಿನ ನಕ್ಷೆಯಲ್ಲಿ ನಾನು ಎಂದೂ ಕಾಣದ ಗೆರೆಯೊಂದು ಎತ್ತರಕ್ಕೆ ಎದ್ದಿತ್ತು. ಮರುದಿನ ಮತ್ತೆ ಕರೆಸಿದೆ. ಹೆಂಡತಿಯ ಕೈ ಹಿಡಿದುಕೊಂಡೇ ಬಂದರು.

"ಖರೇ ಹೇಳ್ರಿ ಮೇಡಂ, ಇನ್ನೆಷ್ಟು ದಿನ ಅದಾವ?"

ನಾನು ನಿನ್ನೆಯ ವರದಿ ತೆರೆದೆ. "ನಿನ್ನೆ ಏನೂ ತಿಂದಿರಲಿಲ್ಲ ಹೌದಲ್ರಿ?"

"ನೀರು ಸೈತ ಕುಡಿದಿಲ್ರಿ."

ಹೆಂಡತಿ ಮೆಲ್ಲಗೆ ಅಂದರು, "ಹೊರಗ ಕುಂತಾಗ ನಾಕು ಲವಂಗ ಬಾಯಾಗ ಹಾಕ್ಕೊಂಡ್ರಲ್ಲ."

"ಮೇಡಂ ಮುಂದ ಲವಂಗ ಇಲ್ದ ಬಾಯಿ ತೆಗೀಲಿಕ್ಕೆ ಬರ್ತದೇನ?" ಪಾಟೀಲರು ಆಕೆಯನ್ನೇ ಗದರಿದರು.

ನನಗೆ ಸಿಟ್ಟೂ ಬಂತು, ಜೀವವೂ ಬಂತು. ಲವಂಗವಿಲ್ಲದೆ ಮತ್ತೆ ಊದಿಸಿದೆ. ಆ ಗೆರೆ ಇರಲಿಲ್ಲ. ಆದರೆ ಚೀಲ ಹಿಡಿದು ಎದುರಿಗೇ ನಿಂತಿದ್ದ ನನ್ನ ಮೂಗಿಗೆ, ಲವಂಗ ಎಷ್ಟು ಅಗತ್ಯವಿತ್ತೆಂದು ಅರ್ಥವಾಯಿತು.