ಸ್ಕೂಲು ಕೊಟ್ಟ ಅಕ್ಕ

ಹೋದ ಸೋಮವಾರ ನನ್ನ ಮಗಳು ಲೀಡರ್ ಆಗಿ ಮನೆಗೆ ಬಂದಳು.

ಎಂಟನೇ ಕ್ಲಾಸು. ಎದೆಯ ಮೇಲೆ ಅಂಗೈಯಗಲದ ಬ್ಯಾಡ್ಜು. ಬ್ಯಾಗನ್ನು ಮೂಲೆಗೆ ಎಸೆದವಳು ಕನ್ನಡಿ ಬಿಟ್ಟು ಕದಲಲಿಲ್ಲ. "ಏನಮ್ಮಾ ನಿನ್ನ ಡ್ಯೂಟಿ?" ಅಂದೆ.

"ಟೀಚರ್ ಇಲ್ದಾಗ ಮಾತಾಡೋರ ಹೆಸ್ರು ಬೋರ್ಡ್ ಮೇಲೆ ಬರೆಯೋದು."

"ಆಮೇಲೆ?"

"ಆಮೇಲೇನು, ಟೀಚರ್ ಬಂದು ಅವ್ರಿಗೆ ಬಾರಿಸ್ತಾರೆ."

ಇದು ಲೀಡರ್ ಕೆಲಸವೋ, ಪೊಲೀಸ್ ಕೆಲಸವೋ? ನನಗೆ ರೇಗಿತು. "ನಮ್ಮ ಕಾಲದಲ್ಲಿ..." ಅಂತ ಶುರು ಮಾಡಿದೆ. (ಅದು ನನ್ನ ಹಳೇ ಕಾಯಿಲೆ, ನಿಮಗೆ ಹೊಸದೇನಲ್ಲ.) ಅವಳು ಕಿವಿ ಮುಚ್ಚಿಕೊಂಡು ಆಚೆ ಓಡಿದಳು. ಅವಳು ಕೇಳದಿದ್ದರೆ ಬೇಡ, ನೀವು ಕೇಳಿ.

ಹಿಂದೂಪುರದ ನಮ್ಮ ಹುಡುಗಿಯರ ಹೈಸ್ಕೂಲಿನಲ್ಲಿ ಆಗ ಒಂದು ಪದ್ಧತಿಯಿತ್ತು. ಆರನೇ ಕ್ಲಾಸಿಗೆ ಸೇರಿದ ಪ್ರತಿ ಹುಡುಗಿಗೂ ಸ್ಕೂಲು ಒಬ್ಬ ಅಕ್ಕನನ್ನು ಕೊಡುತ್ತಿತ್ತು. ಹೌದು, ಅಕ್ಕ! ಮೊದಲ ದಿನ ಆಟದ ಬಯಲಿನಲ್ಲಿ ಆರನೇ ಕ್ಲಾಸಿನವರದು ಒಂದು ಸಾಲು, ಎದುರಿಗೆ ಒಂಬತ್ತನೇ ಕ್ಲಾಸಿನವರದು ಇನ್ನೊಂದು. ಹೆಡ್‌ಮಿಸ್ಟ್ರೆಸ್ಸು (ನಮಗೆಲ್ಲ ಅವರು ದೊಡ್ಡ ಟೀಚರಮ್ಮ) ಚಪ್ಪಾಳೆ ತಟ್ಟಿದ ಕೂಡಲೇ ದೊಡ್ಡ ಹುಡುಗಿಯರು ಬಂದು ತಮಗೆ ಬೇಕಾದವಳ ಕೈ ಹಿಡಿಯುತ್ತಿದ್ದರು. ಅವತ್ತಿನಿಂದ ಅವಳು ನಿಮ್ಮ ಅಕ್ಕ. ಅತ್ತರೆ ಕಣ್ಣು ಒರೆಸಬೇಕು, ಜಡೆ ಬಿಚ್ಚಿದರೆ ಹೆಣೆಯಬೇಕು, ಪಾಠ ತಿಳಿಯದಿದ್ದರೆ ತಿಳಿಸಿಕೊಡಬೇಕು.

ಪರಿಗಿ ಕಡೆಯ ಬಸ್ಸಿನಲ್ಲಿ ಬಂದಿಳಿದ ನಾನು ಹೇಗಿದ್ದೆ ಅಂತೀರಿ? ಹಣೆಗೆ ಇಳಿದ ಎಣ್ಣೆ, ಬರಿಗಾಲು, ನನ್ನ ಅಳತೆಯದಲ್ಲದ ಲಂಗ. ಮನೆಮಾತು ಕನ್ನಡ, ಸ್ಕೂಲಿನ ಪಾಠವೆಲ್ಲ ತೆಲುಗು. ಸಂತೆಯ ತೆಲುಗು ಬರುತ್ತಿತ್ತು, ಪುಸ್ತಕದ ತೆಲುಗಿಗೆ ಮಾತ್ರ ದೇವರೇ ಗತಿ. ಅಕ್ಕಪಕ್ಕದವರ ಕೈಗಳೆಲ್ಲ ಒಂದೊಂದಾಗಿ ಹೋದವು. ನಾನು ಲಂಗ ಹಿಡಿದುಕೊಂಡು ನಿಂತೇ ಇದ್ದೆ. ಅಷ್ಟರಲ್ಲಿ ಒಂದು ಕೈ ಬಂತು.

ಸರೋಜಕ್ಕ! ನೇಕಾರರ ಮನೆಯ ಹುಡುಗಿ, ಒಂಬತ್ತನೇ ಕ್ಲಾಸಿನ ಲೀಡರ್. ಅವಳ ಇನ್ನೊಂದು ಕೈಯಲ್ಲಿ ಗೋರಂಟ್ಲದ ಹುಡುಗಿಯೊಬ್ಬಳು ಅಳುತ್ತಿದ್ದಳು. ಲೀಡರ್ ಅಲ್ಲವಾ, ಇಬ್ಬರು ಸಿಗುತ್ತಾರೇನೋ ಅಂದುಕೊಂಡೆ. ನನ್ನ ತಲೆಯಲ್ಲಿದ್ದದ್ದು ಒಂದೇ: ಅಷ್ಟು ಹುಡುಗಿಯರಲ್ಲಿ ಲೀಡರ್ ಬಂದು ನನ್ನ ಕೈ ಹಿಡಿದಳು.

ಆ ಎರಡು ವರ್ಷ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ. ಮಧ್ಯಾಹ್ನ ಬೇವಿನ ಮರದಡಿ ಕೂರಿಸಿಕೊಂಡು ಬೆಳಗಿನ ಪಾಠವನ್ನೆಲ್ಲ ಕನ್ನಡದಲ್ಲಿ ಇನ್ನೊಂದು ಸಲ ಹೇಳುತ್ತಿದ್ದಳು. ನನ್ನ ರಾಗಿ ರೊಟ್ಟಿ ಕಿತ್ತುಕೊಂಡು ತಿಂದು ತನ್ನ ಚಿತ್ರಾನ್ನ ನನಗೆ ತಳ್ಳುತ್ತಿದ್ದಳು. "ಯಾವಳೇ ಇವ್ಳನ್ನ ಪಲ್ಲೆಟೂರು ಅಂದೋಳು?" ಅಂತ ಆರನೇ ಕ್ಲಾಸಿಗೇ ನುಗ್ಗಿ ಜಗಳ ಆಡಿದ್ದೂ ಉಂಟು. (ಪಲ್ಲೆಟೂರು ಅಂದರೆ ಹಳ್ಳಿಗುಗ್ಗು.) ಹತ್ತನೇ ಕ್ಲಾಸು ಮುಗಿಸಿ ಅವಳು ಹೋದ ವರ್ಷ ನಾನು ಬೇವಿನ ಮರದ ಕಡೆ ತಿರುಗಿ ನೋಡಲಿಲ್ಲ.

ಒಂದೇ ಸಮಾಧಾನವಿತ್ತು. ಒಂಬತ್ತಕ್ಕೆ ಬಂದರೆ ನನಗೂ ಒಬ್ಬ ತಂಗಿ ಸಿಗುತ್ತಾಳೆ! ನಮ್ಮೂರ ಬಸ್ಸಿನಿಂದ ಇಳಿಯುವವಳನ್ನೇ ಹಿಡಿಯಬೇಕು ಅಂತ ಲೆಕ್ಕ ಹಾಕಿಟ್ಟಿದ್ದೆ. ಆಗಿದ್ದೇನು? ದೊಡ್ಡ ಟೀಚರಮ್ಮ ರಿಟೈರಾದರು. ಹೊಸಬರು ಬಂದು, ಇದೆಲ್ಲ ಟೈಮ್ ವೇಸ್ಟು, ಓದಿ ಮಾರ್ಕ್ಸ್ ತಗೊಳ್ಳಿ ಅಂದುಬಿಟ್ಟರು. ಆ ವರ್ಷದ ಆರನೇ ಕ್ಲಾಸಿನ ಮಕ್ಕಳು ತಮ್ಮ ಪಾಡಿಗೆ ತಾವು ಒಳಗೆ ಹೋದವು. ನನಗೆ ಆ ಹೊಟ್ಟೆಯುರಿ ಇವತ್ತಿಗೂ ಆರಿಲ್ಲ.

ಇದನ್ನೆಲ್ಲ ಮಗಳು ಕೇಳಲಿಲ್ಲ, ಸರಿ. ಆದರೆ ಕೆದಕಿದ ಮನಸ್ಸು ಸುಮ್ಮನಿರುತ್ತದಾ? ಅದೇ ವಾರ ಯಜಮಾನರ ಕಡೆಯವರ ಗೃಹಪ್ರವೇಶಕ್ಕೆ ಕಲ್ಯಾಣದುರ್ಗಕ್ಕೆ ಹೋಗಬೇಕಿತ್ತು. ಸರೋಜಕ್ಕನನ್ನು ಕೊಟ್ಟದ್ದೂ ಅದೇ ಊರಿಗೆ ಅಂತ ಎಂದೋ ಕೇಳಿದ್ದೆ. ಈ ಸಲ ನೋಡದೆ ಬರಬಾರದು ಅಂತ ಹಟ ಹಿಡಿದೆ. ಬಸ್ಸು ಕಂಬದೂರು ದಾಟಿ ಆ ಊರು ಹತ್ತಿರವಾಗುತ್ತಿದ್ದಂತೆ ಕೂತಲ್ಲೇ ತಲೆ ಬಾಚಿಕೊಂಡೆ. (ಜಡೆ ಸರಿಯಿಲ್ಲದಿದ್ದರೆ ಬೈಸಿಕೊಳ್ಳಬೇಕಲ್ಲ!)

ಊಟದ ಪಂಕ್ತಿಯಲ್ಲಿ ಪಕ್ಕದವರನ್ನು ಕೇಳಿದರೆ, "ಮನೇಲೇ ಸೀರೆ ಮಾರೋ ಸರೋಜಮ್ಮನಾ? ಹಿಂದಿನ ಬೀದಿನೇ ಕಣಮ್ಮ" ಅಂದರು. ಹೋದೆ. ಹಾಸಿದ ಚಾಪೆಯ ತುಂಬ ಸೀರೆ, ನಡುವೆ ಮೈ ತುಂಬಿಕೊಂಡ ಹೆಂಗಸು. ಗಿರಾಕಿ ಅಂದುಕೊಂಡು "ರಾಮ್ಮಾ, ಕೂಚೋ" ಅಂತ ತೆಲುಗಿನಲ್ಲಿ ಕರೆದು ಕೂರಿಸಿದಳು. ನನ್ನ ಹೆಸರು ಹೇಳಿದ್ದೇ ತಡ, ಕೈಯಲ್ಲಿದ್ದ ಸೀರೆ ಕೆಳಗೆ ಬಿತ್ತು.

"ಅಯ್ಯೋ, ಪರ್ಗಿ ಬಸ್ ಹುಡ್ಗಿ! ಹೇಳ್ದಂಗೆ ಕೇಳ್ದಂಗೆ ಬಂದ್ಬುಟ್ಟಿದ್ದೀಯಲ್ಲೇ! ಏನೇ ಇಂಗೆ ಸೊರಗೋಗಿದ್ದೀಯ?"

ಊಟ ಆಗಿದೆ ಅಂದರೂ ಬಿಡಲಿಲ್ಲ. ಒಳಗಿನಿಂದ ತಟ್ಟೆ ತುಂಬ ಚಿತ್ರಾನ್ನ ಬಂತು. ಅಳು ಬಂತು, ನುಂಗಿಕೊಂಡೆ. ಅದೂ ಇದೂ ಮಾತಾಡುತ್ತಾ, ಇಷ್ಟು ವರ್ಷ ಕೇಳಬೇಕು ಅಂದುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಅಕ್ಕಾ, ಅವತ್ತು ಅಷ್ಟು ಜನ ಹುಡ್ಗೀರಿದ್ರಲ್ಲ. ನೀನು ನನ್ನನ್ನೇ ಯಾಕೆ ಆರ್ಸಿದ್ದು?"

ಸರೋಜಕ್ಕ ಜೋರಾಗಿ ನಕ್ಕಳು. "ನಾನೆಲ್ಲಿ ಆರ್ಸಿದ್ನೇ? ಲೀಡರ್ ಆರ್ಸಂಗೇ ಇರ್ಲಿಲ್ಲ. ಎಲ್ರೂ ಕೈ ಹಿಡ್ದಾದ್ಮೇಲೆ ಮಿಕ್ಕಿದೋರು ಲೀಡರ್ ಪಾಲು. ಅದು ದೊಡ್ಡ ಟೀಚರಮ್ಮನ ರೂಲು. ಆ ವರ್ಸ ನೀನೂ ಆ ಗೋರಂಟ್ಲದೋಳೂ ಮಿಕ್ಕಿದ್ರಿ."

ಮಿಕ್ಕಿದ್ರಿ! ನಿನ್ನೆಯ ಸಾರು ಮಿಕ್ಕಿದ ಹಾಗೆ! ಇಬ್ಬರು ಮಕ್ಕಳ ತಾಯಿ ನಾನು, ಪೇಪರಿನಲ್ಲಿ ಊರಿಗೆಲ್ಲ ಬುದ್ಧಿ ಹೇಳುವವಳು. ಆದರೂ ಆ ಕ್ಷಣ ಹನ್ನೊಂದು ವರ್ಷದವಳಾಗಿ ಬಯಲಿನಲ್ಲಿ ಒಬ್ಬಳೇ ನಿಂತುಬಿಟ್ಟೆ. ಯಾರೇನೇ ಅಂದರೂ ಲೀಡರ್ ನನ್ನನ್ನು ಆರಿಸಿದ್ದಳು ಅನ್ನುವ ಒಂದು ಧೈರ್ಯದ ಮೇಲೆ ಕಾಲೇಜು ದಾಟಿದ್ದೆ, ಅತ್ತೆ ಮನೆ ದಾಟಿದ್ದೆ. ನಗಬೇಡಿ, ನಿಜ.

"ನಾನು ಇಷ್ಟು ವರ್ಷ ನೀನೇ ಆರ್ಸಿದ್ದು ಅಂದ್ಕೊಂಡಿದ್ನಲ್ಲಕ್ಕ" ಅಂದೆ.

ಸರೋಜಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ಮಡಿಸುತ್ತಿದ್ದ ಸೀರೆಯ ಅಂಚು ಎಳೆಯುತ್ತಾ, "ಹುಚ್ಚಿ! ಇಷ್ಟ ಆದೋರ್ನ ಯಾರ್ ಬೇಕಾದ್ರೂ ನೋಡ್ಕತಾರೆ. ಅದಕ್ಕೆ ಲೀಡರ್ ಯಾಕೆ ಬೇಕೇ?" ಅಂದಳು. ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಅವಳ ಮಾತಿನಲ್ಲಿ ಒಂದಕ್ಷರ ತಪ್ಪಿಲ್ಲ. ನಮ್ಮ ಸ್ಕೂಲುಗಳವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಆ ಮಾತನ್ನು ಬೋರ್ಡಿನ ಮೇಲೆ ಬರೆಸಿ.

ಎಲ್ಲ ಸರಿ. ಆದರೂ ಅಕ್ಕಾ, "ಹೂಂ ಕಣೇ, ನಿನ್ನನ್ನ ನಾನೇ ಆರ್ಸಿದ್ದು" ಅಂತ ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?